ನಲವತ್ತೊಂದರ ಜೋನ್: ರಂಗ ಬಿಟ್ಟ ಗೆಳತಿಯರಿಗೆ ಬಹಿರಂಗ ಪತ್ರ

ಪ್ರಿಯ ಗೆಳತಿಯರೇ,

ಕಾಲೇಜಿನ ದಿನಗಳಲ್ಲೋ, ಕೆಲಸಕ್ಕೆ ಸೇರಿದ ಹೊಸತರಲ್ಲೋ ನೀವೆಲ್ಲ ಹವ್ಯಾಸಿ ತಂಡಗಳಲ್ಲಿ ಬಣ್ಣ ಹಚ್ಚಿದವರು. ಸಂಜೆ ತಾಲೀಮಿಗೆ ಓಡೋಡಿ ಬಂದು, ರಾತ್ರಿ ಕೊನೆಯ ಬಸ್ಸು ಹಿಡಿದು ಮನೆ ಸೇರಿದವರು. ಆಮೇಲೆ ಮದುವೆಯಾಯಿತು, ಮಕ್ಕಳಾದವು, ವರ್ಗಾವಣೆ ಬಂತು, ಅತ್ತೆಗೋ ಮಾವನಿಗೋ ಹುಷಾರು ತಪ್ಪಿತು. ಒಂದು ನಾಟಕ ಬಿಟ್ಟಿರಿ. ಮುಂದಿನದಕ್ಕೆ ಯಾರೂ ಕರೆಯಲಿಲ್ಲ. ಈಗ ಎಲ್ಲಾದರೂ ಎದುರಾದಾಗ "ಮತ್ತೆ ಯಾವಾಗ ಬರ್ತೀರಿ?" ಎಂದು ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರದು ಒಂದೇ ಉತ್ತರ: "ಇನ್ನೆಲ್ಲಿ, ನಮ್ಮ ವಯಸ್ಸು ಮುಗೀತಲ್ಲ." ಕೆಲವರಂತೂ ಈ ಮಾತನ್ನು ಮೂವತ್ತು ತುಂಬುವ ಮೊದಲೇ ಹೇಳಿದ್ದೀರಿ.

ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವವರು ಸಿಬಿಲ್ ಥಾರ್ನ್‌ಡೈಕ್. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಇಂಗ್ಲಿಷ್ ರಂಗಭೂಮಿಯನ್ನು ಹೊತ್ತು ನಡೆದ ನಟಿಯರಲ್ಲಿ ಒಬ್ಬರು. ನಾಟಕದ ಚರಿತ್ರೆ ಓದಿದವರಿಗೆ ಅವರ ಹೆಸರು ಬರ್ನಾರ್ಡ್ ಷಾ ಬರೆದ 'ಸೇಂಟ್ ಜೋನ್' ಜೊತೆಯಲ್ಲಿ ಗೊತ್ತಿರುತ್ತದೆ. ಫ್ರಾನ್ಸಿನ ಹಳ್ಳಿಯೊಂದರಿಂದ ಹೊರಟು ಸೈನ್ಯ ನಡೆಸಿ, ಹತ್ತೊಂಬತ್ತರ ಆಸುಪಾಸಿನಲ್ಲಿ ಸುಟ್ಟುಹೋದ ಹುಡುಗಿ ಜೋನ್. ಆ ಪಾತ್ರವನ್ನು ಲಂಡನ್ನಿನಲ್ಲಿ ಮೊದಲು ಮಾಡಿದಾಗ ಸಿಬಿಲ್ ಅವರಿಗೆ ನಲವತ್ತೊಂದು ವರ್ಷ, ನಾಲ್ಕು ಮಕ್ಕಳು. ಈ ಒಂದು ಸಂಗತಿಯ ಹಿಂದೆ ಏನೆಲ್ಲ ಇದೆ ಎಂದು ನಿಮಗೆ ಹೇಳಬೇಕು, ಅದಕ್ಕೇ ಈ ಪತ್ರ.

ಅವರು ಹುಟ್ಟಿದ್ದು 1882ರ ಅಕ್ಟೋಬರ್ 24ರಂದು, ಲಿಂಕನ್‌ಶೈರಿನ ಗೇನ್ಸ್‌ಬರೋದಲ್ಲಿ. ಬೆಳೆದದ್ದು ರಾಚೆಸ್ಟರ್ ಊರಿನಲ್ಲಿ. ತಂದೆ ಅಲ್ಲಿಯ ದೊಡ್ಡ ಇಗರ್ಜಿಯಲ್ಲಿ ಪಾದ್ರಿ. ಪಾದ್ರಿಯ ಮನೆ ಎಂದರೆ ಆಟಪಾಟಕ್ಕೆ ಬಿಗಿ ಎಂದುಕೊಳ್ಳಬೇಡಿ. ಸಿಬಿಲ್ ಮತ್ತು ತಮ್ಮ ರಸೆಲ್ ಚಿಕ್ಕಂದಿನಿಂದಲೇ ಮನೆಯಲ್ಲಿ ತಾವೇ ನಾಟಕ ಕಟ್ಟಿ ಆಡುತ್ತಿದ್ದರು. ಮುಂದೆ ಆ ಮನೆಯ ನಾಲ್ಕೂ ಮಕ್ಕಳು ರಂಗಕ್ಕೆ ಬಂದರು. ಆದರೆ ಸಿಬಿಲ್ ಅವರ ಮೊದಲ ಕನಸು ನಾಟಕವಾಗಿರಲಿಲ್ಲ. ಅವರು ಪಿಯಾನೋ ಕಲಾವಿದೆಯಾಗಬೇಕಿತ್ತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕಲಿತು, ಕಛೇರಿ ಕೊಡುವ ಮಟ್ಟಕ್ಕೂ ಬಂದಿದ್ದರು. ಅಷ್ಟರಲ್ಲಿ ಮಣಿಕಟ್ಟಿನ ನೋವು ಶುರುವಾಯಿತು. ಗಂಟೆಗಟ್ಟಲೆ ಸಾಧನೆ ಮಾಡುವ ಕೈ ಮೊಂಡು ಹಿಡಿಯಿತು. ಹದಿಹರೆಯದಿಂದ ಕಟ್ಟಿಕೊಂಡು ಬಂದ ಗುರಿ ಇಪ್ಪತ್ತು ದಾಟಿದ ಹೊತ್ತಿಗೆ ಕೈಬಿಟ್ಟುಹೋಯಿತು.

ಆಗ ಅವರು ನಾಟಕದ ಕಡೆಗೆ ತಿರುಗಿದರು. ಬೆನ್ ಗ್ರೀಟ್ ಎಂಬ ಹಳೆಯ ಕಾಲದ ನಾಟಕ ಕಂಪನಿಯ ಯಜಮಾನರ ಬಳಿ ತರಬೇತಿ ಪಡೆದು 1904ರಲ್ಲಿ ಅವರ ತಂಡದ ಜೊತೆ ಅಮೆರಿಕಕ್ಕೆ ಹೊರಟರು. ಗ್ರೀಟ್ ಅವರ ಪದ್ಧತಿ ಶೇಕ್ಸ್‌ಪಿಯರನನ್ನು ಬಯಲಿನಲ್ಲಿ, ಕಾಲೇಜುಗಳ ಹುಲ್ಲುಹಾಸಿನ ಮೇಲೆ, ಹೆಚ್ಚಿನ ರಂಗಸಜ್ಜಿಕೆಯಿಲ್ಲದೆ ಆಡುವುದು. ಊರಿಂದೂರಿಗೆ ರೈಲು, ಇಳಿದ ಕೂಡಲೇ ವೇಷ. ಯಾರಿಗಾದರೂ ಹುಷಾರಿಲ್ಲದಿದ್ದರೆ ಆ ರಾತ್ರಿಯ ಪಾತ್ರ ಕಿರಿಯರ ಪಾಲು. ಸುಮಾರು ನಾಲ್ಕು ವರ್ಷಗಳಲ್ಲಿ ಸಿಬಿಲ್ ಮಾಡಿದ ಪಾತ್ರಗಳು 112. ಸಖಿ, ದಾಸಿ, ದೂತ, ಗುಂಪಿನಲ್ಲಿ ಒಬ್ಬಳು, ಮುದುಕಿ, ನಾಯಕಿ, ಯಾವುದು ಬಂದರೆ ಅದು. ನಮ್ಮ ಕಂಪನಿ ನಾಟಕಗಳ ಕಾಲದ ಹಿರಿಯರ ಮಾತು ಕೇಳಿ ಬೆಳೆದವರಿಗೆ ಈ ಬದುಕು ಹೊಸತೇನಲ್ಲ. ಆದರೆ ಇವತ್ತು ವರ್ಷಕ್ಕೆ ಒಂದು ನಾಟಕ, ಅದರಲ್ಲೂ ಒಳ್ಳೆಯ ಪಾತ್ರ ಸಿಕ್ಕಿದರೆ ಮಾತ್ರ ಎನ್ನುವ ನಮಗೆ ಈ ಸಂಖ್ಯೆ ಸ್ವಲ್ಪ ಹೊತ್ತು ಎದುರಿಗೆ ಇಟ್ಟುಕೊಂಡು ನೋಡುವಂಥದ್ದು.

ಆ ತಿರುಗಾಟದಲ್ಲಿ ಅವರ ಗಂಟಲು ಕೆಟ್ಟಿತು. ಬಯಲಿನಲ್ಲಿ ಕೂಗಿ ಕೂಗಿ ದನಿ ಬಿದ್ದುಹೋಯಿತು. ವೈದ್ಯರು ಮಾತೇ ಆಡಕೂಡದೆಂದು ಕಟ್ಟಪ್ಪಣೆ ಮಾಡಿದರು. ವಾರಗಟ್ಟಲೆ ಒಂದು ಶಬ್ದವೂ ಇಲ್ಲದೆ ಇದ್ದರು. ಕೈ ಹೋಯಿತೆಂದು ನಾಟಕಕ್ಕೆ ಬಂದವರಿಗೆ ಇಲ್ಲಿ ದನಿಯೂ ಹೋಗುವ ಭಯ. ದನಿ ಮರಳಿತು. ಮುಂದೆ ಅದೇ ದನಿ ಗ್ರೀಕ್ ರುದ್ರನಾಟಕಗಳ ರಾಣಿಯರ ಗೋಳನ್ನು ದೊಡ್ಡ ದೊಡ್ಡ ಥಿಯೇಟರುಗಳ ಕೊನೆಯ ಸಾಲಿನವರೆಗೆ ಮುಟ್ಟಿಸಿತು.

ಇಂಗ್ಲೆಂಡಿಗೆ ಮರಳಿದ ಮೇಲೆ 1908ರಲ್ಲಿ ನಡೆದ ಒಂದು ಪ್ರಸಂಗವನ್ನು ಸಿಬಿಲ್ ಮುಂದೆ ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು. ಷಾ ಅವರ 'ಕ್ಯಾಂಡಿಡಾ' ನಾಟಕದಲ್ಲಿ ಮುಖ್ಯ ನಟಿಗೆ ಬದಲಿಯಾಗಿ ಸಿದ್ಧರಾಗಿರುವ ಕೆಲಸ ಅವರಿಗೆ ಸಿಕ್ಕಿತ್ತು. ಷಾ ಅವರ ಎದುರಿಗೇ ಓದಿ ತೋರಿಸಿದರು. ಷಾ ಮೆಚ್ಚಿಕೊಂಡು, ನೀನು ಹೋಗಿ ಮನೆವಾರ್ತೆ ಕಲಿತು, ನಾಲ್ಕು ಮಕ್ಕಳನ್ನು ಹೆತ್ತು ಬಾ, ಆಗ ಕ್ಯಾಂಡಿಡಾ ಮಾಡಬಹುದು ಎಂಬರ್ಥದ ಮಾತು ಹೇಳಿದರಂತೆ. ಸಂಸಾರದ ಅನುಭವವಿಲ್ಲದೆ ಆ ಗೃಹಿಣಿಯ ಪಾತ್ರ ಕೈಗೆ ಬರುವುದಿಲ್ಲ ಎನ್ನುವುದು ಅವರ ಅಭಿಪ್ರಾಯ. ಅದೇ ವರ್ಷದ ಡಿಸೆಂಬರಿನಲ್ಲಿ ಸಿಬಿಲ್ ನಟ ಲೂಯಿಸ್ ಕ್ಯಾಸನ್ ಅವರನ್ನು ಮದುವೆಯಾದರು. 1909ರಿಂದ 1915ರ ಒಳಗೆ ನಾಲ್ಕು ಮಕ್ಕಳಾದವು. 1920ರಲ್ಲಿ ಲಂಡನ್ನಿನ ಹೋಬರ್ನ್ ಎಂಪೈರ್ ಥಿಯೇಟರಿನಲ್ಲಿ ಅವರು ಕ್ಯಾಂಡಿಡಾ ಮಾಡಿದರು.

ಗೆಳತಿಯರೇ, ಇಲ್ಲಿ ಒಂದು ಮಾತು. ಸಂಸಾರ ನಿಮ್ಮನ್ನು ರಂಗದಿಂದ ಅನರ್ಹಗೊಳಿಸಿತು ಎಂದು ನೀವು ನಂಬಿದ್ದೀರಿ. ಒಬ್ಬ ದೊಡ್ಡ ನಾಟಕಕಾರ ಸಂಸಾರವನ್ನು ಪಾತ್ರಕ್ಕೆ ಬೇಕಾದ ಅರ್ಹತೆಯೆಂದು ಎಣಿಸಿದ. ಈ ಹತ್ತು ಹದಿನೈದು ವರ್ಷಗಳಲ್ಲಿ ನೀವು ಕಂಡದ್ದು, ಸಹಿಸಿದ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತದ್ದು, ಸಾಲದ ಕಂತಿನ ಲೆಕ್ಕ ಹಾಕಿದ್ದು, ಇವೆಲ್ಲ ಇಪ್ಪತ್ತರಲ್ಲಿ ನಿಮ್ಮ ಬಳಿ ಇರಲಿಲ್ಲ. ಇಪ್ಪತ್ತರಲ್ಲಿ ನೀವು ಆಡಿದ ತಾಯಂದಿರ ಪಾತ್ರಗಳು ಕೇವಲ ನೆರೆಗೂದಲಿನ ವಿಗ್ಗು ಮತ್ತು ನಡುಗುವ ದನಿಯಾಗಿದ್ದವು. ಈಗ ಹಾಗಾಗುವುದಿಲ್ಲ.

ಮದುವೆಯ ಆಸುಪಾಸಿನ ವರ್ಷಗಳಲ್ಲಿ ಸಿಬಿಲ್ ಮ್ಯಾಂಚೆಸ್ಟರಿನ ಗೇಯಟಿ ಥಿಯೇಟರಿನಲ್ಲಿ ಕೆಲಸ ಮಾಡಿದರು. ಚಹಾ ವ್ಯಾಪಾರದ ಮನೆತನದ ಆನಿ ಹಾರ್ನಿಮನ್ ತನ್ನ ಹಣ ಹಾಕಿ ನಡೆಸುತ್ತಿದ್ದ ಸಂಸ್ಥೆ ಅದು. ಬ್ರಿಟನ್ನಿನ ರೆಪರ್ಟರಿ ಚಳವಳಿಯ ಮೂಲ ಅಲ್ಲಿದೆ. ಗಿರಣಿ ಊರುಗಳ ಜನರ ಬದುಕು ಅವರದೇ ಆಡುಮಾತಿನಲ್ಲಿ ರಂಗಕ್ಕೆ ಬಂದದ್ದು ಅಲ್ಲಿ. 1912ರ 'ಹಿಂಡಲ್ ವೇಕ್ಸ್' ನಾಟಕದಲ್ಲಿ ಸಿಬಿಲ್ ಚಿಕ್ಕ ಪಾತ್ರ ಮಾಡಿದರು. ಗಿರಣಿ ಕೆಲಸದ ಹುಡುಗಿಯೊಬ್ಬಳು ಯಜಮಾನನ ಮಗನ ಜೊತೆ ರಜೆ ಕಳೆದು ಬಂದು, ಅವನನ್ನು ಮದುವೆಯಾಗಲು ಒಲ್ಲೆ ಎನ್ನುವ ನಾಟಕ. ಇಂಗ್ಲೆಂಡ್ ಆಗ ಅದರ ಬಗ್ಗೆ ದೊಡ್ಡದಾಗಿ ಜಗಳವಾಡಿತ್ತು.

ಆಮೇಲೆ ಬಂದದ್ದು ಓಲ್ಡ್ ವಿಕ್. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಟಿಯಾಗಿ ಅವರು ಗಟ್ಟಿಯಾದದ್ದು ಇಲ್ಲೇ ಎನ್ನುವುದು ನನ್ನ ನಂಬಿಕೆ.

ಥೇಮ್ಸ್ ನದಿಯ ದಕ್ಷಿಣಕ್ಕೆ, ವಾಟರ್ಲೂ ರಸ್ತೆಯಲ್ಲಿ, ಬಡವರ ಬಡಾವಣೆಯ ನಡುವೆ ಇದ್ದ ಹಳೆಯ ಥಿಯೇಟರು ಅದು. ಎಮ್ಮಾ ಕಾನ್ಸ್ ಎಂಬ ಸಮಾಜಸೇವಕಿ 1880ರಲ್ಲಿ ಅದನ್ನು ಹೆಂಡವಿಲ್ಲದ ಮನರಂಜನೆಯ ಜಾಗವಾಗಿ ಮಾಡಿದ್ದರು. 1912ರಿಂದ ಅವರ ಸೋದರಿಯ ಮಗಳು ಲಿಲಿಯನ್ ಬೇಲಿಸ್ ಅದನ್ನು ನಡೆಸಿದರು. ಕೂಲಿಕಾರರೂ ಕೊಳ್ಳಬಹುದಾದ ಟಿಕೆಟ್ಟಿಗೆ ಶೇಕ್ಸ್‌ಪಿಯರ್ ಮತ್ತು ಆಪೆರಾ ಕೊಡುವುದು ಬೇಲಿಸ್ ಅವರ ಹಟ. ಹಣವಿಲ್ಲ, ಸರಿಯಾದ ಗ್ರೀನ್ ರೂಮ್ ಇಲ್ಲ, ಸಂಬಳ ಅಷ್ಟಕ್ಕಷ್ಟೆ. 1914ರಲ್ಲಿ ಮಹಾಯುದ್ಧ ಶುರುವಾಯಿತು. ಲೂಯಿಸ್ ಸೈನ್ಯ ಸೇರಿದರು. ಸಿಬಿಲ್ ಅವರ ಮೂರನೆಯ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆಗ ಹಳೆಯ ಗುರು ಬೆನ್ ಗ್ರೀಟ್ ಅವರಿಂದ ಓಲ್ಡ್ ವಿಕ್‌ಗೆ ಕರೆ ಬಂತು. ಹೋದರು. ಮರುವರ್ಷ ನಾಲ್ಕನೆಯ ಮಗು ಹುಟ್ಟಿತು. ಓಲ್ಡ್ ವಿಕ್ ಬಿಡಲಿಲ್ಲ. 1918ರವರೆಗೂ ಅಲ್ಲೇ ಇದ್ದರು.

ಗಂಡಸರೆಲ್ಲ ಯುದ್ಧಕ್ಕೆ ಹೋದ ಕಾರಣ ತಂಡದಲ್ಲಿ ಪುರುಷ ನಟರ ಬರ. ಹಾಗಾಗಿ ಸಿಬಿಲ್ ರೋಸಲಿಂಡ್, ಪೋರ್ಷಿಯಾ, ಲೇಡಿ ಮ್ಯಾಕ್‌ಬೆತ್ ಮಾಡಿದ್ದಲ್ಲದೆ ರಾಜಕುಮಾರ ಹಾಲ್ ಕೂಡ ಆದರು. 'ಟೆಂಪೆಸ್ಟ್'ನ ಫರ್ಡಿನಂಡ್ ಆದರು. ಪಕ್ ಆದರು. ಲಾನ್ಸೆಲಾಟ್ ಗೊಬ್ಬೊ ಎಂಬ ಹಾಸ್ಯಗಾರ ಆಳು ಆದರು. 'ಕಿಂಗ್ ಲಿಯರ್'ನ ವಿದೂಷಕನಾದರು. ಒಬ್ಬ ನಟಿಗೆ ಶೇಕ್ಸ್‌ಪಿಯರನ ಕಾರ್ಖಾನೆಯ ಎಲ್ಲ ಬಾಗಿಲುಗಳೂ ತೆರೆದದ್ದು ಇಂಗ್ಲಿಷ್ ರಂಗದಲ್ಲಿ ಅಪರೂಪ. ಲಿಯರನ ವಿದೂಷಕನನ್ನು ಮಾಡಿದ ಮೇಲೆ ಹೆಣ್ಣು ಪಾತ್ರಗಳಿಗೂ ಬೇರೆಯೇ ಧೈರ್ಯ ಬಂದಿರಬೇಕು ಎಂದು ನನಗನಿಸುತ್ತದೆ. ಮುಂದೆ ಅವರ ಜೋನ್‌ಗೆ ಸಿಪಾಯಿಗಳ ನಡುವೆ ನಿಂತು ಮಾತಾಡುವ ಸಲೀಸು ಸುಮ್ಮನೆ ಬಂದದ್ದಲ್ಲ.

ಲಂಡನ್ನಿನ ಮೇಲೆ ಜರ್ಮನ್ ಬಾಂಬುಗಳು ಬೀಳುತ್ತಿದ್ದವು. ಒಂದು ಸಂಜೆ ದಾಳಿಯ ನಡುವೆ ವಾಟರ್ಲೂ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡು ಸಿಬಿಲ್ ತಡವಾಗಿ ಬಂದಾಗ ಬೇಲಿಸ್ ಬಾಗಿಲಲ್ಲೇ ನಿಂತು ಗದರಿದ್ದರಂತೆ: ಪರದೆ ಎದ್ದ ಮೇಲೆ ದಾಳಿ ಒಂದು ನೆಪವೇ ಎಂದು. ಈ ಬೇಲಿಸ್ ಅವರನ್ನು ಸಿಬಿಲ್ ಜೀವನಪೂರ್ತಿ ಪ್ರೀತಿಸಿದರು. ಬೇಲಿಸ್ ತೀರಿಕೊಂಡ ಮರುವರ್ಷ, 1938ರಲ್ಲಿ, ಸಿಬಿಲ್ ಮತ್ತು ತಮ್ಮ ರಸೆಲ್ ಸೇರಿ ಅವರ ಬಗ್ಗೆ ಪುಸ್ತಕವನ್ನೂ ಬರೆದರು. ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹದಲ್ಲಿದ್ದ ಅಷ್ಟನ್ನೂ ಓಲ್ಡ್ ವಿಕ್ 1923ರ ಹೊತ್ತಿಗೆ ಆಡಿ ಮುಗಿಸಿತು. ಇಂಗ್ಲೆಂಡಿನ ರಾಷ್ಟ್ರೀಯ ರಂಗಭೂಮಿ 1963ರಲ್ಲಿ ತನ್ನ ಮೊದಲ ನಾಟಕ ಆಡಿದ್ದೂ ಅದೇ ಕಟ್ಟಡದಲ್ಲಿ.

ಆ ವರ್ಷಗಳು ಸುಲಭದವಾಗಿರಲಿಲ್ಲ. 1917ರಲ್ಲಿ ತಮ್ಮ ಫ್ರಾಂಕ್ ಯುದ್ಧದಲ್ಲಿ ಸತ್ತ. ಅವನೂ ನಟನೇ. ಅದೇ ವರ್ಷದ ಕೊನೆಗೆ ತಂದೆಯೂ ಹೋದರು. ಯುದ್ಧ ಮುಗಿದ ಮೇಲೆ ಸಿಬಿಲ್ ಯೂರಿಪಿಡಿಸನ 'ಟ್ರೋಜನ್ ವಿಮೆನ್' ನಾಟಕದ ಹೆಕ್ಯೂಬಾ ಮಾಡಿದರು; ಗಿಲ್ಬರ್ಟ್ ಮರ್ರೆ ಇಂಗ್ಲಿಷಿಗೆ ತಂದ ಪಠ್ಯ. ಯುದ್ಧದಲ್ಲಿ ಗಂಡನನ್ನೂ ಮಕ್ಕಳನ್ನೂ ಊರನ್ನೂ ಕಳೆದುಕೊಂಡು ಬೂದಿಯ ನಡುವೆ ಕೂತ ಮುದಿ ರಾಣಿ. ಎದುರಿಗೆ ಕೂತ ಪ್ರೇಕ್ಷಕರಲ್ಲಿ ಎಷ್ಟೋ ಮಂದಿ ಮಗನನ್ನೋ ಅಣ್ಣನನ್ನೋ ಆಗಷ್ಟೇ ಕಳೆದುಕೊಂಡವರು. ಎರಡು ಸಾವಿರದ ಮುನ್ನೂರು ವರ್ಷಕ್ಕೂ ಹಳೆಯ ನಾಟಕ ಅವರ ಪಾಲಿಗೆ ಆ ವಾರದ ಸುದ್ದಿಯಾಗಿತ್ತು. ಹೆಕ್ಯೂಬಾ ಮತ್ತು ಯೂರಿಪಿಡಿಸನದೇ ಇನ್ನೊಂದು ನಾಟಕದ ನಾಯಕಿ ಮೀಡಿಯಾ ಸಿಬಿಲ್ ಅವರ ಜೊತೆ ದಶಕಗಳ ಕಾಲ ಇದ್ದ ಪಾತ್ರಗಳು.

ಅಷ್ಟು ಎತ್ತರದ ಪಾತ್ರಗಳ ಬೆನ್ನಿಗೇ ಅವರು ಒಪ್ಪಿಕೊಂಡ ಕೆಲಸ ಕೇಳಿದರೆ ನಿಮಗೆ ಆಶ್ಚರ್ಯವಾದೀತು. 1920ರಿಂದ 1922ರವರೆಗೆ ಲಂಡನ್ನಿನ ಲಿಟಲ್ ಥಿಯೇಟರಿನಲ್ಲಿ 'ಗ್ರಾಂ ಗಿನ್ಯೋಲ್' ನಡೆಯಿತು: ಪ್ಯಾರಿಸ್ಸಿನಿಂದ ಬಂದ ಭಯಾನಕ ಕಿರುನಾಟಕಗಳ ಮಾಲೆ. ಕೊಲೆ, ಹುಚ್ಚು, ಚಿತ್ರಹಿಂಸೆ, ನಡುನಡುವೆ ಒಂದು ಹಾಸ್ಯದ ತುಣುಕು. ಸಿಬಿಲ್, ಲೂಯಿಸ್, ರಸೆಲ್ ಮೂವರೂ ಅದರಲ್ಲಿದ್ದರು. ಸಿಬಿಲ್ ಒಂದೊಂದು ರಾತ್ರಿ ಹಲವು ಬಗೆಯಲ್ಲಿ ಕಿರುಚಬೇಕಿತ್ತು, ಸಾಯಬೇಕಿತ್ತು. ಇದು ನಮ್ಮ ಅಂತಸ್ತಿಗೆ ತಕ್ಕದ್ದಲ್ಲ ಎಂದು ಅವರು ತಳ್ಳಿಹಾಕಲಿಲ್ಲ. ನಾಲ್ಕು ಮಕ್ಕಳ ಮನೆ ನಡೆಯಬೇಕಿತ್ತು, ಅದೂ ನಿಜ. ಆದರೆ ಭಯವನ್ನು ಸುಳ್ಳಾಗದಂತೆ ಆಡುವುದು ಎಷ್ಟು ಕಷ್ಟವೆಂದು ರಂಗದ ಮೇಲೆ ಒಮ್ಮೆ ಪ್ರಯತ್ನಿಸಿದ ಯಾರಿಗೂ ಗೊತ್ತು. ಅಲ್ಲಿ ಪಳಗಿದ್ದು ಮುಂದಿನ ಪಾತ್ರದಲ್ಲಿ ನೇರವಾಗಿ ಕೆಲಸಕ್ಕೆ ಬಂತು.

ಆ ಪಾತ್ರ ಶೆಲ್ಲಿ ಕವಿಯ 'ಚೆಂಚಿ' ನಾಟಕದ ಬಿಯಾಟ್ರಿಸ್. ತಂದೆಯಿಂದಲೇ ಅತ್ಯಾಚಾರಕ್ಕೊಳಗಾದ ಮಗಳು ಅವನನ್ನು ಕೊಲ್ಲಿಸಿ ನ್ಯಾಯಾಲಯದ ಮುಂದೆ ನಿಲ್ಲುವ ಕಥೆ. 1819ರಲ್ಲಿ ಬರೆದ ಆ ನಾಟಕಕ್ಕೆ ಇಂಗ್ಲೆಂಡಿನ ನಾಟಕ ಸೆನ್ಸಾರು ಒಂದು ಶತಮಾನ ಸಾರ್ವಜನಿಕ ಪ್ರದರ್ಶನದ ಅನುಮತಿ ಕೊಟ್ಟಿರಲಿಲ್ಲ. 1922ರಲ್ಲಿ ಸಿಬಿಲ್ ಮತ್ತು ಲೂಯಿಸ್ ಅದನ್ನು ನ್ಯೂ ಥಿಯೇಟರಿನಲ್ಲಿ ಮಧ್ಯಾಹ್ನದ ಪ್ರದರ್ಶನಗಳಾಗಿ ಆಡಿದರು. ಪ್ರೇಕ್ಷಕರಲ್ಲಿ ಷಾ ಇದ್ದರು. ಎರಡು ವರ್ಷದ ಹಿಂದಷ್ಟೇ, 1920ರಲ್ಲಿ, ಕ್ಯಾಥೊಲಿಕ್ ಧರ್ಮಸಭೆ ಜೋನ್‌ಳನ್ನು ಸಂತಳೆಂದು ಸಾರಿತ್ತು. ಜೋನ್ ಬಗ್ಗೆ ನಾಟಕ ಬರೆಯುವ ಯೋಚನೆ ಷಾ ಅವರ ತಲೆಯಲ್ಲಿ ಹಳೆಯದು. ಬಿಯಾಟ್ರಿಸ್‌ಳ ವಿಚಾರಣೆಯ ದೃಶ್ಯ ನೋಡಿದ ಮೇಲೆ, ನನ್ನ ಜೋನ್ ಸಿಕ್ಕಳು, ಇನ್ನು ಬರೆಯಬಹುದು ಎಂದು ಅವರು ಮನೆಗೆ ಹೋದರು ಎನ್ನುವುದು ರಂಗ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಮಾತು.

'ಸೇಂಟ್ ಜೋನ್' ಮೊದಲು ರಂಗಕ್ಕೆ ಬಂದದ್ದು ನ್ಯೂಯಾರ್ಕಿನಲ್ಲಿ, 1923ರ ಡಿಸೆಂಬರಿನಲ್ಲಿ, ಬೇರೆ ನಟಿಯೊಂದಿಗೆ. ಲಂಡನ್ನಿನಲ್ಲಿ 1924ರ ಮಾರ್ಚ್ 26ರಂದು ನ್ಯೂ ಥಿಯೇಟರಿನಲ್ಲಿ ಪರದೆ ಎದ್ದಿತು. ನಿರ್ದೇಶನ ಷಾ ಮತ್ತು ಲೂಯಿಸ್ ಕ್ಯಾಸನ್ ಇಬ್ಬರದು. ರಂಗವಿನ್ಯಾಸ ಮತ್ತು ವಸ್ತ್ರವಿನ್ಯಾಸ ಚಾರ್ಲ್ಸ್ ರಿಕೆಟ್ಸ್ ಅವರದು. ಆ ಮೊದಲ ಸುತ್ತಿನಲ್ಲಿ 244 ಪ್ರದರ್ಶನಗಳಾದವು. ಆಮೇಲೆ ಸಿಬಿಲ್ ಆ ಪಾತ್ರವನ್ನು ಮತ್ತೆ ಮತ್ತೆ ಎತ್ತಿಕೊಂಡರು.

ಷಾ ಅವರಿಗೆ ಆ ಪಾತ್ರಕ್ಕೆ ಹತ್ತೊಂಬತ್ತರ ಹುಡುಗಿಯನ್ನು ಹುಡುಕಬಹುದಿತ್ತು. ಹುಡುಕಲಿಲ್ಲ. ಆ ನಾಟಕದ ಜೋನ್ ಮೈಮೇಲೆ ದೇವರು ಬಂದ ಮುಗ್ಧೆಯಲ್ಲ. ಹೊಲಮನೆಯ ಲೆಕ್ಕ ಗೊತ್ತಿರುವ, ಫಿರಂಗಿ ಎಲ್ಲಿಡಬೇಕೆಂದು ಸೇನಾಪತಿಗೇ ಹೇಳುವ, ಬಿಷಪ್ಪರ ಎದುರು ತರ್ಕ ಮಾಡುವ ಹಳ್ಳಿಯ ಹೆಣ್ಣು. ಅವಳ ಮಾತಿನ ಹಿಂದೆ ಬೆನ್ನೆಲುಬು ಬೇಕು. ವಿಚಾರಣೆಯ ದೃಶ್ಯದಲ್ಲಿ ಹೆದರಿ ತಪ್ಪೊಪ್ಪಿಗೆಗೆ ಗುರುತು ಹಾಕಿ, ಜೀವಾವಧಿ ಸೆರೆ ಎಂದು ತಿಳಿದ ಕ್ಷಣ ಆ ಕಾಗದ ಹರಿದು ಬೆಂಕಿಯನ್ನು ಆರಿಸಿಕೊಳ್ಳುತ್ತಾಳೆ. ಭಯ, ಸೋಲು, ಅವಮಾನ, ಮತ್ತೆ ಎದ್ದು ನಿಲ್ಲುವುದು, ಎಲ್ಲವೂ ಕೆಲವೇ ನಿಮಿಷಗಳಲ್ಲಿ. ಪಿಯಾನೋ ಕಳೆದುಕೊಂಡ, ದನಿ ಕಳೆದುಕೊಂಡು ಪಡೆದ, ತಮ್ಮನನ್ನು ಯುದ್ಧಕ್ಕೆ ಕೊಟ್ಟ, ನೂರಾರು ಪಾತ್ರ ಮಾಡಿದ ಹೆಣ್ಣಿಗೆ ಮುಖದ ವಯಸ್ಸನ್ನು ಪ್ರೇಕ್ಷಕರು ಮರೆಯುವಂತೆ ಮಾಡುವುದು ಕಷ್ಟವಾಗಲಿಲ್ಲ. ರಂಗದಲ್ಲಿ ವಯಸ್ಸು ಎನ್ನುವುದು ನಡಿಗೆಯಲ್ಲಿದೆ, ಕತ್ತು ಎತ್ತುವ ವೇಗದಲ್ಲಿದೆ, ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿದೆ. ಇದು ನಿಮಗೂ ಗೊತ್ತಿರುವ ವಿದ್ಯೆ. ಕ್ಯಾಮೆರಾ ಕೇಳುವ ವಯಸ್ಸನ್ನು ರಂಗಕ್ಕೂ ಹಚ್ಚಿ ನೋಡುವುದನ್ನು ನಾವು ಯಾವಾಗಲೋ ಕಲಿತುಬಿಟ್ಟಿದ್ದೇವೆ.

ಸಿನಿಮಾದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಸಿಬಿಲ್ ಕೆಲವು ಚಿತ್ರಗಳಲ್ಲಿದ್ದಾರೆ. 1928ರ 'ಡಾನ್' ಎಂಬ ಮೂಕಿ ಚಿತ್ರದಲ್ಲಿ ಜರ್ಮನರು ಗುಂಡಿಟ್ಟು ಕೊಂದ ನರ್ಸ್ ಈಡಿತ್ ಕ್ಯಾವೆಲ್ ಆದರು. ಜರ್ಮನಿಗೆ ನೋವಾಗುತ್ತದೆಂದು ಬ್ರಿಟಿಷ್ ಸರ್ಕಾರವೇ ಅದರ ಬಿಡುಗಡೆಗೆ ಅಡ್ಡ ಬಂದಿತ್ತು. 1957ರಲ್ಲಿ ಮರ್ಲಿನ್ ಮನ್ರೋ ಜೊತೆ 'ದಿ ಪ್ರಿನ್ಸ್ ಅಂಡ್ ದಿ ಶೋಗರ್ಲ್'ನಲ್ಲಿ ಹಿರಿಯ ರಾಣಿಯಾಗಿ ಕಾಣುತ್ತಾರೆ. ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಅವರ ನಿಜವಾದ ಅಳತೆ ಆ ಚಿತ್ರಗಳಲ್ಲಿ ಸಿಗುವುದಿಲ್ಲ. ಅವರು ರಂಗದವರು.

ಅವರ ರಾಜಕೀಯವನ್ನೂ ಬಚ್ಚಿಡದೆ ಹೇಳಬೇಕು. ಹೆಂಗಸರ ಮತದಾನದ ಹಕ್ಕಿನ ಹೋರಾಟದಲ್ಲಿ ನಟಿಯರು ಕಟ್ಟಿಕೊಂಡ ಸಂಘದ ಜೊತೆ ಇದ್ದರು. 1926ರ ಸಾರ್ವತ್ರಿಕ ಮುಷ್ಕರದಲ್ಲಿ ಗಂಡ ಹೆಂಡತಿ ಇಬ್ಬರೂ ಕಾರ್ಮಿಕರ ಪರ ನಿಂತರು. ಇಬ್ಬರೂ ಲೇಬರ್ ಪಕ್ಷದವರು, ಸಿಬಿಲ್ ಜೊತೆಗೆ ಯುದ್ಧವಿರೋಧಿ. ಕಲಾವಿದರ ಕಾರ್ಮಿಕ ಸಂಘ 'ಈಕ್ವಿಟಿ' 1930ರಲ್ಲಿ ರೂಪುಗೊಂಡಾಗ ಅದರ ಆರಂಭದ ಮುಂದಾಳುಗಳಲ್ಲಿ ಇದ್ದರು. ಲೂಯಿಸ್ ಮುಂದೆ ಅದರ ಅಧ್ಯಕ್ಷರಾದರು. ಅದೇ 1930ರಲ್ಲಿ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಕಪ್ಪುವರ್ಣೀಯ ಗಾಯಕ, ನಟ ಪಾಲ್ ರೋಬ್ಸನ್ ಒಥೆಲೋ ಮಾಡಿದರು, ಪೆಗ್ಗಿ ಆಶ್‌ಕ್ರಾಫ್ಟ್ ಡೆಸ್ಡಿಮೋನಾ. ಆಗಲೇ ದೊಡ್ಡ ಹೆಸರಾಗಿದ್ದ ಸಿಬಿಲ್ ಎಮಿಲಿಯಾ ಪಾತ್ರ ಒಪ್ಪಿಕೊಂಡರು, ದಾಸಿಯ ಪಾತ್ರ. ಮರುವರ್ಷ ಸರ್ಕಾರ ಅವರಿಗೆ 'ಡೇಮ್' ಬಿರುದು ಕೊಟ್ಟಿತು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಅವರ ವೇಲ್ಸ್ ತಿರುಗಾಟ. 1938ರಲ್ಲಿ ಅವರು ಎಮ್ಲಿನ್ ವಿಲಿಯಮ್ಸ್ ಅವರ 'ದಿ ಕಾರ್ನ್ ಈಸ್ ಗ್ರೀನ್' ನಾಟಕದಲ್ಲಿ ವೇಲ್ಸಿನ ಗಣಿ ಹಳ್ಳಿಗೆ ಬಂದು ಮಕ್ಕಳಿಗೆ ಅಕ್ಷರ ಕಲಿಸುವ ಶಿಕ್ಷಕಿಯಾಗಿದ್ದರು. ಲಂಡನ್ನಿನ ಸುಸಜ್ಜಿತ ರಂಗದ ಮೇಲೆ ಅದು ದೊಡ್ಡ ಯಶಸ್ಸು. ಮರುವರ್ಷ ಎರಡನೆಯ ಮಹಾಯುದ್ಧ ಬಂದು ಲಂಡನ್ನಿನ ಥಿಯೇಟರುಗಳಿಗೆ ಬೀಗ ಬೀಳತೊಡಗಿತು. ಕಲೆಗೆ ಬೆಂಬಲ ಕೊಡಲು ಯುದ್ಧಕಾಲದಲ್ಲಿ ಹುಟ್ಟಿದ ಸರ್ಕಾರಿ ಮಂಡಳಿಯ ನೆರವಿನಲ್ಲಿ ಓಲ್ಡ್ ವಿಕ್ ಹಳ್ಳಿಗಳ ಕಡೆ ಹೊರಟಿತು. ಮುಂದೆ ಆ ಮಂಡಳಿಯೇ ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್ ಆಯಿತು. 1940ರಲ್ಲಿ ಸಿಬಿಲ್ ಮತ್ತು ಲೂಯಿಸ್ ಚಿಕ್ಕ ತಂಡವೊಂದನ್ನು ಕಟ್ಟಿಕೊಂಡು 'ಮ್ಯಾಕ್‌ಬೆತ್' ಜೊತೆ ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಿಗೆ ಹೋದರು. ಲಂಡನ್ನಿನಲ್ಲಿ ಶಿಕ್ಷಕಿಯ ವೇಷದಲ್ಲಿ ಕಂಡಿದ್ದಂಥ ಗಣಿ ಊರುಗಳಿಗೆ ಈಗ ನಟಿಯಾಗಿಯೇ ಹೋದರು. ಗಣಿ ಕಾರ್ಮಿಕರು ತಮ್ಮ ಸಂಬಳದ ಕಾಸು ಕೂಡಿಸಿ ಕಟ್ಟಿಕೊಂಡ ಸಭಾಭವನಗಳಲ್ಲಿ, ಸಿಕ್ಕಷ್ಟು ಬೆಳಕಿನಲ್ಲಿ ನಾಟಕ. ಮುಂದಿನ ತಿರುಗಾಟಗಳಲ್ಲಿ 'ಮೀಡಿಯಾ' ಬಂತು, 'ಕ್ಯಾಂಡಿಡಾ' ಬಂತು. ಗಣಿಯವರಿಗೆ ಗ್ರೀಕ್ ನಾಟಕ ಅರ್ಥವಾಗುವುದಿಲ್ಲ ಎಂದವರಿಗೆ ಉತ್ತರವನ್ನು ಆ ಕಣಿವೆಗಳಲ್ಲಿ ತುಂಬಿದ ಸಭೆಗಳೇ ಕೊಟ್ಟವು. ಆಗ ಸಿಬಿಲ್ ಅವರಿಗೆ ಐವತ್ತೆಂಟರ ಆಸುಪಾಸು, ಲೂಯಿಸ್ ಅವರಿಗೆ ಅರವತ್ತೈದು. ಬಸ್ಸಿನಲ್ಲಿ ಸಾಮಾನು ಹೇರಿಕೊಂಡು ಊರೂರು ಸುತ್ತುವ ವಯಸ್ಸೇ ಇದು ಎಂದು ಯಾರಾದರೂ ಕೇಳಿರಬಹುದು. ಅವರು ಹೋದರು.

ಯುದ್ಧದ ಕೊನೆಯಲ್ಲಿ, 1944ರಲ್ಲಿ, ಲಾರೆನ್ಸ್ ಒಲಿವಿಯೆ ಮತ್ತು ರಾಲ್ಫ್ ರಿಚರ್ಡ್‌ಸನ್ ಓಲ್ಡ್ ವಿಕ್ ತಂಡವನ್ನು ನ್ಯೂ ಥಿಯೇಟರಿನಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಸಿಬಿಲ್ ಅಲ್ಲಿ ಇಬ್ಸೆನ್ನನ 'ಪೀರ್ ಗಿಂಟ್'ನಲ್ಲಿ ಪೀರ್‌ನ ಮುದಿ ತಾಯಿ ಓಸಾ ಆದರು. ಇಪ್ಪತ್ತು ವರ್ಷದ ಹಿಂದೆ ಅದೇ ರಂಗದ ಮೇಲೆ ಅವರು ಜೋನ್. ನಾಯಕಿಯಾಗಿ ಆಳಿದ ರಂಗದಲ್ಲಿ ಕೆಲವೇ ದೃಶ್ಯಗಳ ತಾಯಿಯಾಗಲು ಅವರಿಗೆ ಕಿರಿಕಿರಿಯಾಗಲಿಲ್ಲ. 1945ರಲ್ಲಿ ಆ ತಂಡ ಯುರೋಪಿನ ಸೈನಿಕ ಶಿಬಿರಗಳಿಗೆ ಹೋದಾಗ ಬೆಲ್ಸನ್ ಯಾತನಾ ಶಿಬಿರವನ್ನೂ ಕಂಡು ಬಂದರು. ತಮ್ಮನನ್ನು ಒಂದು ಯುದ್ಧಕ್ಕೆ ಕಳೆದುಕೊಂಡವರು ಇನ್ನೊಂದರ ಕೊನೆಯನ್ನು ಹಾಗೆ ನೋಡಿದರು.

ಆಮೇಲಿನದನ್ನು ಬೇಗ ಹೇಳುತ್ತೇನೆ. 1951ರಲ್ಲಿ ಹೇಮಾರ್ಕೆಟ್ ಥಿಯೇಟರಿನಲ್ಲಿ ಈಡಿತ್ ಇವಾನ್ಸ್ ಜೊತೆ 'ವಾಟರ್ಸ್ ಆಫ್ ದಿ ಮೂನ್' ಶುರುವಾಗಿ ಎರಡು ವರ್ಷಕ್ಕೂ ಹೆಚ್ಚು ಓಡಿತು. ಐವತ್ತರ ದಶಕದ ಮಧ್ಯದಲ್ಲಿ ದಂಪತಿಗಳು ಇಬ್ಬರೇ ಕವಿತೆ ಮತ್ತು ನಾಟಕದ ಭಾಗಗಳನ್ನು ಓದುವ ಕಾರ್ಯಕ್ರಮದೊಂದಿಗೆ ದೂರಪೂರ್ವ, ನ್ಯೂಜಿಲೆಂಡ್ ಸುತ್ತಿದರು. ನಮ್ಮ ದೇಶಕ್ಕೂ ಬಂದುಹೋದರು. 1962ರಲ್ಲಿ ಚಿಚೆಸ್ಟರಿನಲ್ಲಿ ಒಲಿವಿಯೆ ನಿರ್ದೇಶಿಸಿದ 'ಅಂಕಲ್ ವಾನ್ಯಾ'ದಲ್ಲಿ ಎಂಬತ್ತರ ಹೊಸ್ತಿಲಲ್ಲಿದ್ದ ಸಿಬಿಲ್ ಮುದಿ ದಾದಿ, ಲೂಯಿಸ್ ಬಡ ಜಮೀನುದಾರ ತೆಲೆಗಿನ್. ಲೂಯಿಸ್ ತೊಂಬತ್ತು ದಾಟಿದಾಗಲೂ ಇಬ್ಬರೂ ಒಂದೇ ನಾಟಕದಲ್ಲಿದ್ದರು. 1969ರ ಮೇ ತಿಂಗಳಲ್ಲಿ ಲೂಯಿಸ್ ತೀರಿಕೊಂಡರು. ಅರವತ್ತು ವರ್ಷದ ದಾಂಪತ್ಯ, ಅಷ್ಟೇ ದೀರ್ಘ ರಂಗಸಂಗ. ಅದೇ ವರ್ಷ ಸರ‍್ರೆಯ ಲೆದರ್‌ಹೆಡ್‌ನಲ್ಲಿ ಸಿಬಿಲ್ ಅವರ ಹೆಸರಿನ ಥಿಯೇಟರು ತೆರೆಯಿತು. ಅದರ ಮೊದಲ ನಾಟಕದಲ್ಲಿ ಎಂಬತ್ತಾರರ ಸಿಬಿಲ್ ಮನೆಯಿಲ್ಲದ ಅಲೆಮಾರಿ ಮುದುಕಿಯಾಗಿ ನಟಿಸಿದರು. ಅದೇ ಅವರ ಕೊನೆಯ ರಂಗಪ್ರವೇಶ. 1976ರ ಜೂನ್ 9ರಂದು ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವರ ಚಿತಾಭಸ್ಮವಿದೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ಅವರ ಗಂಡನೂ ನಾಟಕದವರು. ನಮ್ಮ ಮನೆಯಲ್ಲಿ ಹಾಗಿಲ್ಲ. ಅವರಿಗೆ ನಾಟಕವೇ ಜೀವನೋಪಾಯ. ನಮಗೆ ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ. ಆ ಕಾಲದ ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಗೆ ಮಕ್ಕಳನ್ನು ನೋಡಿಕೊಳ್ಳಲು ದಾದಿಯರು ಸಿಗುತ್ತಿದ್ದರು, ನಮಗೆ ಯಾರು? ಇದೆಲ್ಲ ನಿಜ, ನಾನು ಒಪ್ಪುತ್ತೇನೆ. ಲೂಯಿಸ್ ಅವರಂಥ ಜೊತೆಗಾರ ಇಲ್ಲದಿದ್ದರೆ ಸಿಬಿಲ್ ಅವರ ಬದುಕು ಹೀಗೇ ಇರುತ್ತಿತ್ತೆಂದು ಹೇಳಲಾರೆ. ಹೆಣ್ಣೊಬ್ಬಳು ಸಂಜೆ ಮೂರು ಗಂಟೆಗಳ ತಾಲೀಮಿಗೆ ಹೋಗಬೇಕಾದರೆ ಮನೆಯಲ್ಲಿ ಇನ್ನೊಬ್ಬರು ಒಲೆ ಹಚ್ಚಬೇಕು. ಆ ಒಲೆಯ ಮಾತನ್ನು ನಿಮ್ಮ ಮನೆಯವರ ಹತ್ತಿರ ನೀವು ಗಟ್ಟಿಯಾಗಿ ಆಡಲೇಬೇಕು. ತಂಡಗಳ ಯಜಮಾನರಿಗೂ ನಾನು ಹೇಳುತ್ತಲೇ ಇದ್ದೇನೆ: ತಾಲೀಮಿನ ವೇಳೆಯನ್ನು ಹೆಂಗಸರ ದಿನಚರಿ ನೋಡಿ ಇಡಿ, ಮಗುವನ್ನು ಕರೆತಂದರೆ ಮುಖ ಸಿಂಡರಿಸಬೇಡಿ, ನಲವತ್ತು ದಾಟಿದವರಿಗೆ ಕಣ್ಣೀರು ಸುರಿಸುವ ಅತ್ತೆಯ ಪಾತ್ರ ಬಿಟ್ಟು ಬೇರೆಯದನ್ನೂ ಕೊಡಿ.

ಆದರೆ ವಯಸ್ಸು ಮುಗಿಯಿತು ಎಂಬ ಮಾತು ಮಾತ್ರ ಸುಳ್ಳು. ಅದನ್ನು ನಾನು ಒಪ್ಪುವುದಿಲ್ಲ. ಸಿಬಿಲ್ ಥಾರ್ನ್‌ಡೈಕ್ ಅವರ ಅತಿ ದೊಡ್ಡ ಪಾತ್ರ ನಲವತ್ತೊಂದಕ್ಕೆ ಬಂತು, ಅದಾದ ಮೇಲೆ ನಲವತ್ತೈದು ವರ್ಷ ರಂಗದ ಮೇಲಿದ್ದರು. ಆ ಪಾತ್ರ ಬಂದಾಗ ಅವರು ಮನೆಯಲ್ಲಿ ಕಾಯುತ್ತಾ ಕೂತಿರಲಿಲ್ಲ. ದೊಡ್ಡದೋ ಚಿಕ್ಕದೋ, ಗಂಡೋ ಹೆಣ್ಣೋ, ಗ್ರೀಕ್ ರಾಣಿಯೋ ಕಿರುಚುವ ಹೆಣ್ಣೋ, ಯಾವುದಾದರೊಂದು ವೇಷದಲ್ಲಿ ರಂಗದ ಮೇಲಿದ್ದರು. ಷಾ ಕಣ್ಣಿಗೆ ಅವರು ಬಿದ್ದದ್ದು ಅಲ್ಲೇ.

ನಿಮ್ಮ ಊರಿನಲ್ಲಿ, ನಿಮ್ಮ ಹಳೆಯ ತಂಡದಲ್ಲಿ ಮುಂದಿನ ನಾಟಕದ ಓದು ಶುರುವಾದಾಗ ಹೋಗಿ. ಯಾರೂ ಕರೆಯದಿದ್ದರೂ ಹೋಗಿ. ಗೋಡೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಯಾವ ಪಾತ್ರ ಖಾಲಿ ಇದೆ ಎಂದು ಕೇಳಿ. ದೂತನಿದ್ದರೆ ದೂತನನ್ನು ಕೇಳಿ, ವಿದೂಷಕನಿದ್ದರೆ ವಿದೂಷಕನನ್ನು ಕೇಳಿ, ಪ್ರಾಂಪ್ಟ್ ಮಾಡುವವರು ಬೇಕಿದ್ದರೆ ಪುಸ್ತಕ ಕೈಗೆ ತೆಗೆದುಕೊಳ್ಳಿ. ನಿಮ್ಮ ಜೊತೆ ಇನ್ನೊಬ್ಬ ಹಳೆಯ ಗೆಳತಿಯನ್ನೂ ಕರೆದುಕೊಂಡು ಬನ್ನಿ.

ಪ್ರೀತಿಯಿಂದ,
ನಿಮ್ಮ ಜೊತೆ ಬಣ್ಣ ಹಚ್ಚಿದವಳು